ಬೋರಲು ಹಾಕಿದ ಲೋಟ

ಮಾರ್ಚ್ ತಿಂಗಳು. ಬಡಗಣ ಗಾಳಿ ನಿಂತು, ಕಡಲು ಎಣ್ಣೆ ಸುರಿದ ಹಾಗೆ ಸುಮ್ಮನಾಗುವ ಕಾಲ. ಹೊತ್ತು ಇನ್ನೂ ಮೂಡಿರಲಿಲ್ಲ. ಹುಂಜ ಒಂದು ಸಲ ಕೂಗಿ, ಯಾರೂ ಏಳದ್ದು ನೋಡಿ ಸುಮ್ಮನಾಗಿತ್ತು. ಆ ಹೊತ್ತಿನಲ್ಲಿ ನಸಾರಿಯಾ ಅಡುಗೆ ಚಪ್ಪರದ ಕೆಳಗೆ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಬೇರು ನೆನೆಸಿದ ಗಿಫಿತಿಯ ಲೋಟ ಹಿಡಿದು ನಿಂತಿದ್ದಳು. ಜಗಳ ಶುರುವಾದದ್ದು ಅಲ್ಲಿಂದ.

"ಯಾವ್ದನ್ನ ಮೊದ್ಲು ನುಂಗ್ತೀಯೇ?" ಎಂದಳು ಅಕ್ಕ ಇಪೋಲಿತಾ. ಎದ್ದು ಬಂದವಳು ಬಾಗಿಲಲ್ಲೇ ನಿಂತಿದ್ದಳು.

"ಎರಡೂ ನುಂಗ್ತೀನಿ. ನಿಂಗೇನು?"

"ಒಂದೇ ಒಲೆ ಮೇಲೆ ಎರಡು ಮಡಿಕೆ ಇಟ್ರೆ ಎರಡೂ ಬೇಯಲ್ಲ."

"ನನ್ನ ಹೊಟ್ಟೆ ಒಲೆ ಅಲ್ಲ ಕಣಕ್ಕ. ಆಚೆ ಸರಿ, ಕಾಪಿ ಕಾಯಿಸ್ಬೇಕು."

ಅವಳ ಎದೆಯೊಳಗೆ ಜಾಲರಿ ಕೂತದ್ದು ಜನವರಿಯಲ್ಲಿ. ಮರಗೆಣಸಿನ ಬುಟ್ಟಿ ತಲೆಯ ಮೇಲೆ ಹೊತ್ತು ಬರುತ್ತಿದ್ದವಳು, ಎಡಗೈ ಸತ್ತ ಹಾಗಾಗಿ ದಾರಿಯ ಮಧ್ಯೆಯೇ ಕೂತುಬಿಟ್ಟಳು. ಮಗಳು ದಿಲ್ಸಿಯಾ ಮೀನಿನ ವ್ಯಾನಿನ ಹಿಂದೆ ಅವ್ವನನ್ನು ಮಲಗಿಸಿಕೊಂಡು, ಕಡೆಗೆ ಸಾನ್ ಪೆದ್ರೋ ಪಟ್ಟಣದ ದೊಡ್ಡಾಸ್ಪತ್ರೆಗೆ ಮುಟ್ಟಿಸಿದಳು. ಅಲ್ಲಿ ಮಣಿಕಟ್ಟಿನಿಂದ ತೆಳ್ಳನೆ ತಂತಿ ತೂರಿಸಿ, ಕಟ್ಟಿಕೊಂಡ ನಾಳ ಬಿಡಿಸಿ, ಸ್ಟೆಂಟ್ ಎಂಬ ಪುಟ್ಟ ಜಾಲರಿ ಕೂರಿಸಿದರು. ಕಳಿಸುವಾಗ ಡಾಕ್ಟರು ಎರಡು ಬಗೆಯ ಮಾತ್ರೆ ಕೊಟ್ಟು, ಇವು ರಕ್ತ ಹೆಪ್ಪುಗಟ್ಟದ ಹಾಗೆ ಕಾಯುತ್ತವೆ, ವರ್ಷ ತುಂಬುವ ತನಕ ಒಂದು ದಿನವೂ ತಪ್ಪಕೂಡದು, ತಪ್ಪಿದರೆ ಜಾಲರಿಯೇ ಕಟ್ಟಿಕೊಂಡು ಬಿಡುತ್ತದೆ, ಆಗ ನಾವೂ ಏನೂ ಮಾಡಲಾರೆವು ಎಂದಿದ್ದರು. ಕುಡಿಯೋ ಅಭ್ಯಾಸ ಇದೆಯಾ ಎಂದು ಕೇಳಿದರು. ಇಲ್ಲ ಎಂದಳು. ಬೇರೆ ಔಷಧಿ ಏನಾದರೂ ತಗೋತೀರಾ ಎಂದರು. ಅದಕ್ಕೂ ಇಲ್ಲ ಎಂದಳು.

ಎರಡೂ ಸುಳ್ಳಲ್ಲ. ಹಿಂದೆ ದೋಣಿಯಲ್ಲಿ ಬಂದು ಆ ಕರಾವಳಿಯಲ್ಲಿ ನೆಲೆಸಿದ ಗರಿಫುನಾ ಜನರಲ್ಲಿ ಯಾರನ್ನು ಕೇಳಿದರೂ ಅದೇ ಉತ್ತರ ಬರುತ್ತಿತ್ತು. ಗಿಫಿತಿ ಎಂದರೆ ಬೇರು, ತೊಗಟೆ, ಲವಂಗ, ದಾಲ್ಚಿನ್ನಿ ಎಲ್ಲವನ್ನೂ ಕಬ್ಬಿನ ಸಾರಾಯಿಯಲ್ಲಿ ನೆನೆ ಹಾಕಿದ್ದು. ಕುಡುಕರು ಕುಡಿಯುವುದು ಬೇರೆ, ಡಾಕ್ಟರು ಬರೆದುಕೊಡುವುದು ಬೇರೆ. ಇದು ಮನೆಯಲ್ಲಿ ಉಪ್ಪು ಇದ್ದ ಹಾಗೆ ಇರುವಂಥದು. ಉಪ್ಪು ತಿನ್ನುತ್ತೀರಾ ಎಂದು ಯಾರಾದರೂ ಕೇಳುತ್ತಾರೆಯೇ?

ನಸಾರಿಯಾಳ ಮನೆ ನಿಂತಿದ್ದದ್ದೇ ಗಿಫಿತಿಯ ಮೇಲೆ. ಅವಳ ತಾಯಿಯ ಕಾಲದ ದೊಡ್ಡ ಗಾಜಿನ ಜಾಡಿ, ಅದರ ತಳದಲ್ಲಿ ತಾಯಿಯೇ ಕೊಚ್ಚಿ ಹಾಕಿದ ಬೇರು. ಸಾರಾಯಿ ಮುಗಿದಂತೆಲ್ಲ ಮೇಲೆ ಹೊಸದು ಹೊಯ್ಯಬೇಕು, ಹಳೆ ಬೇರು ಹಾಗೇ ಇರಬೇಕು. ಮುದುಕಿ ಸಾಯುವಾಗ ಆ ಜಾಡಿಯನ್ನು ದೊಡ್ಡ ಮಗಳಿಗೆ ಕೊಡಲಿಲ್ಲ, ಚಿಕ್ಕವಳಿಗೆ ಕೊಟ್ಟಳು. ಏಕೆಂದು ಅವಳೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಹಿಂದಿನ ವರ್ಷ ಕಡಲು ದಂಡೆ ಕೊರೆದು ಇಪೋಲಿತಾಳ ಮನೆ ಎಳೆದುಕೊಂಡು ಹೋದಾಗ, ಅವಳು ಒಂದು ಮಂಚ, ಎರಡು ಕೋಳಿ ತಂದುಕೊಂಡು ತಂಗಿಯ ಮನೆಗೆ ಬಂದಳು. ಬಂದ ದಿನ ಮೊದಲು ನೋಡಿದ್ದು ಜಾಡಿಯನ್ನು.

ಇನ್ನೊಂದು ಕಟ್ಟಳೆಯಿತ್ತು. ಗಿಫಿತಿ ಕೊಳ್ಳಲು ಬಂದವರ ಎದುರಿಗೆ, ಮಾಡಿದವಳು ಅದೇ ಸೀಸೆಯಿಂದ ಮೊದಲ ಗುಟುಕು ತಾನು ಕುಡಿಯಬೇಕು. ಬೇರಿನಲ್ಲಿ ಕೆಟ್ಟದ್ದೂ ಇರುತ್ತದೆ, ಕೈಯಲ್ಲಿ ಕೆಟ್ಟದ್ದೂ ಇರುತ್ತದೆ. ಮಾಡಿದವಳು ಕುಡಿಯದ್ದನ್ನು ಯಾರೂ ಕೊಳ್ಳುವುದಿಲ್ಲ. ಏಪ್ರಿಲ್‌ನಲ್ಲಿ ಹಿರಿಯರು ದೋಣಿಯಿಂದ ಬಂದಿಳಿದ ದಿನದ ಹಬ್ಬ. ಅದಕ್ಕೆ ಮುಂಚಿನ ವಾರಗಳಲ್ಲಿ ಊರೂರಿನಿಂದ ಜನ ಬರುತ್ತಾರೆ. ನಸಾರಿಯಾ ಗುಟುಕು ಗುಟುಕು ಕುಡಿಯುತ್ತಲೇ ಇದ್ದಳು, ಬೆಳಿಗ್ಗೆ ಮಾತ್ರೆಯನ್ನೂ ನುಂಗುತ್ತಲೇ ಇದ್ದಳು.

ಮೊದಲು ತೋಳಿನ ಮೇಲೆ ನೇರಳೆ ಹಣ್ಣು ಜಜ್ಜಿದಂಥ ಕಲೆಗಳು ಎದ್ದವು. ಆಮೇಲೆ ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ. ದಿಲ್ಸಿಯಾ ಕಾಯಿಹಾಲಿನ ರೊಟ್ಟಿ ಬೇಯಿಸಿ ಬಸ್ಸಿನ ಹತ್ತಿರ ಮಾರುವವಳು, ಬಾಯಿ ಜೋರು. ಅವ್ವನ ಕೈಯಿಂದ ಮಚ್ಚು ಕಿತ್ತುಕೊಂಡಳು.

"ಬೇರು ನಾನು ಕೊಚ್ತೀನಿ. ಮೀನು ನಾನು ಉಜ್ತೀನಿ. ನೀನು ಹರಿತ ಇರೋದು ಒಂದೂ ಮುಟ್ಟಂಗಿಲ್ಲ."

"ನಿನ್ ನಾಲಿಗೆ ಮುಟ್ಬೋದಾ?"

"ಅವ್ವಾ!"

"ನನ್ನೇನು ಮೊಟ್ಟೆ ಅನ್ಕೊಂಡಿದ್ದೀಯಾ ಹುಲ್ಲಲ್ಲಿ ಇಡೋಕೆ? ಕೊಡು ಮಚ್ಚು."

ಕೊಡಲಿಲ್ಲ. ನಸಾರಿಯಾ ಹಿತ್ತಲಿನ ಪಪ್ಪಾಯಿ ಗಿಡದ ಬುಡದಲ್ಲಿ ಬಿದ್ದಿದ್ದ ತುಕ್ಕು ಹಿಡಿದ ಹಳೆ ಮಚ್ಚು ಹುಡುಕಿ, ಅದರಲ್ಲೇ ಕೊಚ್ಚಿದಳು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ, ಮಗಳು ಒಂದು ಕಡೆ, ಅಕ್ಕ ಇನ್ನೊಂದು ಕಡೆ. ಅವ್ವ ಸುಮ್ಮನೆ ಕೂತರೆ ಸಾಕು ಎಂದು ಮಗಳು. ಮಾತ್ರೆ ಬಿಟ್ಟರೆ ಸಾಕು ಎಂದು ಅಕ್ಕ. "ಅವ್ವ ತೊಂಬತ್ತು ದಾಟಿದ್ದು ಏನು ಕುಡ್ದು? ನನ್ ಗಂಡ ಪಟ್ಟಣದ ಆಸ್ಪತ್ರೇಲಿ ಸತ್ತದ್ದು ಏನು ನುಂಗಿ?" ಇದನ್ನು ಇಪೋಲಿತಾ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಉತ್ತರ ಯಾರಿಗೂ ಬೇಕಿರಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಿದ್ದರು. ಕುಟ್ಟಿದ ಬಾಳೆಕಾಯಿಯ ಮುದ್ದೆ, ಕಾಯಿಹಾಲು ಹಾಕಿದ ಮೀನಿನ ಸಾರು. ಮೀನು ತಂದವನು ತಮ್ಮ ತಿಯೋಫಿಲೋ. ದಿನಾ ಹಿಡಿದದ್ದರಲ್ಲಿ ಒಳ್ಳೆಯದನ್ನು ಮಾರಿ, ಉಳಿದದ್ದನ್ನು ಅಕ್ಕಂದಿರಿಗೆ ಕೊಟ್ಟು, ಊಟ ಇಲ್ಲೇ ಮಾಡುವವನು.

"ಮೀನು ಚಿಕ್ಕದಾಯ್ತು," ಎಂದಳು ಇಪೋಲಿತಾ.

"ದೊಡ್ಡದು ನಿನ್ನ ಬಾಯಿ ನೋಡಿ ಹೆದರ್ಕೊಂಡು ಹೋಯ್ತು ಅಕ್ಕಾ," ಎಂದ ತಿಯೋಫಿಲೋ.

ನಸಾರಿಯಾ ನಕ್ಕಳು. ನಗುವಾಗಲೇ ತಟ್ಟೆಗೆ ಏನೋ ತೊಟ್ಟಿಕ್ಕಿತು. ಬೆಳ್ಳನೆ ಸಾರಿನಲ್ಲಿ ಕೆಂಪು. ಮೂಗು ಒರೆಸಿಕೊಂಡಳು, ಮತ್ತೆ ಬಂತು. ಸೆರಗಿನಂತೆ ಇಳಿಬಿಟ್ಟಿದ್ದ ತಲೆವಸ್ತ್ರ ಒತ್ತಿ ಹಿಡಿದಳು, ಅದೂ ನೆನೆಯಿತು. ದಿಲ್ಸಿಯಾ ಮೂಗು ಹಿಸುಕಿ ಹಿಡಿದು ತಲೆ ಮುಂದಕ್ಕೆ ಬಗ್ಗಿಸಿದಳು. ಸಾರು ತಣ್ಣಗಾಗಿ ಮೇಲೆ ಕೆನೆ ಕಟ್ಟಿದ ಮೇಲೆ ರಕ್ತ ನಿಂತಿತು. ಯಾರೂ ಊಟ ಮುಗಿಸಲಿಲ್ಲ.

"ನೋಡಿದ್ರಾ? ರಕ್ತ ನೀರಾಗಿದೆ," ಎಂದಳು ಇಪೋಲಿತಾ. ನೆನೆದ ತಲೆವಸ್ತ್ರ ಎತ್ತಿ ಹಿಡಿದಳು. "ಆ ಮಾತ್ರೆ ನನ್ ತಂಗೀನ ಸೋರೋ ಮಡಿಕೆ ಮಾಡಿಟ್ಟಿದೆ."

ಮರುದಿನ ಬೆಳಿಗ್ಗೆ ಕಪಾಟಿನ ಮೇಲೆ ಮಾತ್ರೆಯ ಡಬ್ಬಿ ಇರಲಿಲ್ಲ.

"ಎಲ್ಲಿ ಅಕ್ಕ?"

"ಕಡಲಿಗೆ ಹಾಕ್ದೆ."

"ಎಲ್ಲಾನೂ?"

"ಡಬ್ಬಿ ಸಮೇತ. ಮೀನಿಗೆ ಎದೆನೋವು ಇದ್ರೆ ವಾಸಿ ಆಗ್ಲಿ."

ದಿಲ್ಸಿಯಾ ಕೈಯಲ್ಲಿದ್ದ ಹಿಟ್ಟು ನೆಲಕ್ಕೆ ಬಡಿದಳು. "ದೊಡ್ಡವ್ವಾ, ನಿಂಗೆ ತಲೆ ಕೆಟ್ಟಿದೆಯಾ? ಅದು ನಿಂತ್ರೆ ಎದೆ ಕಟ್ಕೊಳ್ಳುತ್ತೆ ಅಂತ ಡಾಕ್ಟ್ರು ಎಷ್ಟು ಸಲ ಹೇಳಿದ್ರು! ಅವ್ವನ್ನ ಕೊಂದು ಜಾಡಿ ಇಟ್ಕೋಬೇಕು ಅಂತಿದ್ದೀಯಾ?"

"ಏನಂದೆ?" ಇಪೋಲಿತಾ ಎದ್ದು ನಿಂತಳು. "ಇನ್ನೊಂದ್ಸಲ ಅನ್ನು."

"ಸಾಕು," ಎಂದಳು ನಸಾರಿಯಾ. ಅವಳು ಕೂಗಲಿಲ್ಲ. ಒಳಗೆ ಹೋಗಿ ಇಸ್ತ್ರಿಯ ಲಂಗ ಉಟ್ಟು, ತಲೆಗೆ ಹೊಸ ವಸ್ತ್ರ ಕಟ್ಟಿದಳು. "ಏಳು ಗಂಟೆ ಬಸ್ಸು ಹೋಯ್ತಾ?"

"ನಾನೂ ಬರ್ತೀನಿ ಅವ್ವಾ."

"ನಿನ್ ರೊಟ್ಟಿ ಸೀದು ಹೋಗುತ್ತೆ. ನಂಗೆ ಕಾಲಿದೆ."

ಹತ್ತಿರದ ತ್ರುಹಿಯೋ ಪಟ್ಟಣದ ಆಸ್ಪತ್ರೆಯಲ್ಲಿ ಆ ವರ್ಷ ಇದ್ದ ಡಾಕ್ಟರು ಪಕ್ಕದ ಊರಿನವಳೇ, ಗರಿಫುನಾ ಹುಡುಗಿ. ನಸಾರಿಯಾಳ ತೋಳಿನ ಕಲೆ ನೋಡಿದಳು, ಕಣ್ಣಿನ ರೆಪ್ಪೆ ಮಗುಚಿ ನೋಡಿದಳು, ಮಲ ಕಪ್ಪಗೆ ಹೋಗಿದೆಯಾ ಎಂದು ಕೇಳಿದಳು, ಬೆರಳಿನ ರಕ್ತ ತೆಗೆಸಿದಳು. ಮಾತ್ರೆ ಕಡಲು ಪಾಲಾದದ್ದು ಕೇಳಿ ಮೊದಲು ಆವತ್ತಿನದನ್ನು ಎದುರಿಗೇ ನುಂಗಿಸಿದಳು. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು.

"ಬೆಳಿಗ್ಗೆ ಎದ್ದಾಗಿಂದ ಬಾಯಿಗೆ ಏನೇನು ಹಾಕ್ತೀರಿ ಒಂದೊಂದಾಗಿ ಹೇಳಿ ಚಿಕ್ಕಮ್ಮಾ."

"ಮಾತ್ರೆ. ಕಾಪಿ. ರೊಟ್ಟಿ."

"ಮಾತ್ರೆಗಿಂತ ಮುಂಚೆ?"

"ಮುಂಚೆ ಏನಿದೆ? ಗಿಫಿತಿ."

"ಆಮೇಲೆ ಹಗಲು?"

"ಯಾರಾದ್ರೂ ಕೊಳ್ಳೋಕೆ ಬಂದ್ರೆ ಗುಟುಕು. ಹಬ್ಬ ಅಲ್ವಾ, ಬರ್ತಾನೇ ಇರ್ತಾರೆ."

ಹುಡುಗಿ ಹಣೆ ಉಜ್ಜಿಕೊಂಡಳು. "ಸಾನ್ ಪೆದ್ರೋದಲ್ಲಿ ಕುಡೀತೀರಾ ಅಂತ ಕೇಳಲಿಲ್ವಾ?"

"ಕೇಳಿದ್ರು. ನಾನು ಕುಡಿಯಲ್ಲ."

"ಅಳಿಯ ಅಲ್ಲ ಮಗಳ ಗಂಡ ಅಂದಂಗಾಯ್ತು ನಿಮ್ಮ ಮಾತು!" ನಗಲು ಹೋದವಳು ನಗಲಿಲ್ಲ. "ನಮ್ಮಜ್ಜೀನೂ ಹಿಂಗೇ. ನೋಡಿ ಚಿಕ್ಕಮ್ಮಾ, ಹೆಪ್ಪುಗಟ್ಟದ ಹಾಗೆ ಮಾತ್ರೆ ತಡೀತಾ ಇದೆ. ಸಾರಾಯಿ ಹೊಟ್ಟೆ ಒಳಗಿನ ಚರ್ಮ ಸುಡುತ್ತೆ, ಬೇರಲ್ಲೂ ಕೆಲವು ರಕ್ತ ಹರಿಸೋವೇ. ಮೂರೂ ಸೇರಿ ಮೂಗಲ್ಲಿ ಬಂತು. ನಾಳೆ ಹೊಟ್ಟೇಲಿ ಬಂದ್ರೆ ನಿಮಗೆ ಗೊತ್ತೂ ಆಗಲ್ಲ. ಮಾತ್ರೆ ಬಿಡಂಗಿಲ್ಲ. ಗಿಫಿತಿ ಬಿಡಬೇಕು."

"ಮಾಡೋದನ್ನೂ ಬಿಡ್ಬೇಕಾ?"

"ಮಾಡೋದನ್ನ ಯಾರು ಬಿಡಿ ಅಂದ್ರು? ಕುಡಿಯೋದನ್ನ ಬಿಡಿ."

"ನಿಂಗೆ ಗೊತ್ತಿಲ್ವಾ ಮಗಳೇ, ಎರಡೂ ಒಂದೇ."

ಹುಡುಗಿಗೆ ಗೊತ್ತಿತ್ತು. ಹೊಸ ಮಾತ್ರೆಯ ಪೊಟ್ಟಣ ತಂದು ಅವಳ ಕೈಯಲ್ಲಿಟ್ಟಳು.

ವಾಪಸ್ಸು ಬರುವ ಬಸ್ಸಿನಲ್ಲಿ ನಸಾರಿಯಾ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡಿದ್ದಳು. ಹತ್ತು ವರ್ಷ ಆ ಜಾಡಿ ಸಾಕಿದವಳು. ಹೊಸ ಮಾತ್ರೆಯ ಪೊಟ್ಟಣವನ್ನು ಕರವಸ್ತ್ರದಲ್ಲಿ ಕಟ್ಟಿ, ರವಿಕೆಯ ಒಳಕ್ಕೆ ಪಿನ್ನು ಹಾಕಿ ಸಿಕ್ಕಿಸಿಕೊಂಡಿದ್ದಳು. ಇನ್ನು ಅದನ್ನು ಕಡಲಿಗೆ ಹಾಕಬೇಕಾದರೆ ಅವಳನ್ನೂ ಸೇರಿಸಿ ಹಾಕಬೇಕು.

ಮನೆಗೆ ಬಂದು ವಿಷಯ ಹೇಳಿದಳು. ದಿಲ್ಸಿಯಾ, "ನಾನು ಹೇಳ್ಲಿಲ್ವಾ, ಜಾಡಿ ಅಟ್ಟಕ್ಕೆ ಹಾಕು, ನನ್ ಜೊತೆ ರೊಟ್ಟಿ ತಟ್ಟು" ಎಂದಳು. ಇಪೋಲಿತಾ ಒಲೆಯ ಮುಂದಿನಿಂದ ಏಳದೆ ಹೇಳಿದಳು:

"ಕುಡಿಯದ ಕೈ ಗಿಫಿತಿ ಮಾಡಬಾರ್ದು. ಇದು ನನ್ ಮಾತಲ್ಲ, ಅವ್ವನ ಮಾತು. ಮಾತ್ರೆ ಬಿಡು, ಇಲ್ಲ ಜಾಡಿ ಬಿಡು. ನಾನಿದ್ದೀನಿ ಕುಡಿಯೋಕೆ, ನಾನಿದ್ದೀನಿ ಮಾಡೋಕೆ."

"ಮಾತ್ರೇನೂ ಬಿಡಲ್ಲ, ಜಾಡೀನೂ ಬಿಡಲ್ಲ," ಎಂದಳು ನಸಾರಿಯಾ. "ರೊಟ್ಟೀನೂ ತಟ್ಟಲ್ಲ. ಇಬ್ರೂ ಕೇಳಿಸ್ಕೊಳ್ಳಿ."

"ಮತ್ತೆ ಮಾರ್ತೀಯಾ ಹೆಂಗೆ?"

"ಬಾಯಲ್ಲಿ. ಕುಡಿಯೋಕೆ ಆಗ್ದಿದ್ರೂ ಮಾತಾಡೋಕೆ ಬರುತ್ತಲ್ಲ."

ಅಲ್ಲಿಂದ ಮನೆಯಲ್ಲಿ ಎರಡು ಒಲೆ ಉರಿಯತೊಡಗಿದವು. ಇಪೋಲಿತಾ ತನ್ನ ಬಾಳೆಕಾಯಿ ಬೇರೆ ಬೇಯಿಸಿಕೊಂಡಳು. ತನ್ನ ಬಟ್ಟೆ ಬೇರೆ ಒಗೆದಳು. ಅವಳ ಕೋಳಿ ಇಟ್ಟ ಮೊಟ್ಟೆ ಕೂಡ ಅವಳ ಮಂಚದ ಕೆಳಗೇ ಹೋಯಿತು. ತಿಯೋಫಿಲೋ ಮಾತ್ರ ಎರಡೂ ಒಲೆಯಲ್ಲಿ ಉಂಡ. "ಜಗಳ ಮುಗಿಸ್ಬೇಡಿ," ಎನ್ನುತ್ತಿದ್ದ, "ನಾನು ಮೈ ಹಿಡೀತಿದ್ದೀನಿ." ಆದರೆ ಬೆಳಿಗ್ಗೆ ನಸಾರಿಯಾ ಪಿನ್ನು ಬಿಚ್ಚಿ ಮಾತ್ರೆ ತೆಗೆಯುವಾಗ, ಇಪೋಲಿತಾ ತನ್ನ ಒಲೆಯ ಹೊಗೆಯ ಆಚೆಯಿಂದ ನೋಡುತ್ತಿದ್ದಳು. ನುಂಗುವ ತನಕ ನೋಡಿ, ಆಮೇಲೆ ಊದುಗೊಳವೆ ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು.

ಹಬ್ಬಕ್ಕೆ ಇನ್ನು ಒಂದು ವಾರವಿರುವಾಗ ದೋನ್ ಎಫ್ರಾಯಿನ್ ಬಂದ. ತ್ರುಹಿಯೋದ ಕಡಲ ದಂಡೆಯಲ್ಲಿ ಅವನ ಹೆಂಡದಂಗಡಿ. ವರ್ಷ ವರ್ಷ ಹಬ್ಬದ ಗಿಫಿತಿಯನ್ನೆಲ್ಲ ಇಲ್ಲಿಂದಲೇ ಒಯ್ಯುವವನು. ಅವನೊಬ್ಬ ಒಯ್ದರೆ ಮನೆಗೆ ಮಳೆಗಾಲದ ತನಕ ಚಿಂತೆಯಿಲ್ಲ. ವ್ಯಾನು ನಿಲ್ಲಿಸಿ, ಟೋಪಿ ತೆಗೆದು, ಚಪ್ಪರದ ಕೆಳಗೆ ಕೂತ. ಅಕ್ಕಪಕ್ಕದವರೂ ನೋಡಲು ಬಂದರು. ವಿಷಯ ಊರಿಗೆಲ್ಲ ಗೊತ್ತಾಗಿತ್ತು.

ಸೀಸೆಗಳು ಸಾಲಾಗಿ ನಿಂತಿದ್ದವು. ನಸಾರಿಯಾ ಒಂದರ ಬಿರಡೆ ಬಿಚ್ಚಿ ಮೇಜಿನ ಮೇಲಿಟ್ಟಳು. ಪುಟ್ಟ ಲೋಟ ಒರೆಸಿ ಪಕ್ಕದಲ್ಲಿಟ್ಟಳು. ಎಫ್ರಾಯಿನ್ ಕಾದ. ಇಪೋಲಿತಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

ನಸಾರಿಯಾ ಲೋಟ ತೆಗೆದು ಬೋರಲು ಹಾಕಿದಳು.

"ಈ ವರ್ಷ ನಾನು ಕುಡಿಯಲ್ಲ ಎಫ್ರಾಯಿನ್."

"ತಮಾಷೆ ಮಾಡ್ಬೇಡಿ ದೋನ್ಯಾ ನಸಾರಿಯಾ."

"ಎದೇಲಿ ಜಾಲರಿ ಇದೆ. ಅದಕ್ಕೆ ಮಾತ್ರೆ ಬೇಕು. ಮಾತ್ರೆಗೆ ಇದು ಆಗಲ್ಲ. ಬೇರು ಅದೇ, ಜಾಡಿ ಅದೇ, ಕೈ ಇದೇ." ಅವಳು ಕಲೆಗಟ್ಟಿದ ಎರಡೂ ಕೈ ಮೇಜಿನ ಮೇಲೆ ಚಾಚಿದಳು. "ನಂಬಿಕೆ ಇದ್ರೆ ತಗೊಂಡು ಹೋಗು."

"ನನಗೆ ನಂಬಿಕೆ ಇದೆ. ನನ್ನ ಗಿರಾಕಿಗಳು ಕೇಳ್ತಾರಲ್ಲ, ನಸಾರಿಯಾ ಕುಡಿದ್ಲಾ ಅಂತ. ಏನು ಹೇಳ್ಲಿ?"

"ಇಲ್ಲ ಅಂತ ಹೇಳು. ಯಾಕೆ ಅಂತಾನೂ ಹೇಳು."

"ಒಂದು ಗುಟುಕು. ತುಟಿ ಒದ್ದೆ ಮಾಡಿದ್ರೆ ಸಾಕು. ಅದರಿಂದ ಯಾರೂ ಸಾಯಲ್ಲ."

"ಸತ್ರೆ ಹೊರೋಕೆ ಬರ್ತೀಯಾ?"

ಬೇಲಿಯ ಹತ್ತಿರ ಯಾರೋ ನಕ್ಕರು. ಎಫ್ರಾಯಿನ್ ಇಪೋಲಿತಾಳ ಕಡೆ ತಿರುಗಿದ. "ದೊಡ್ಡಮ್ಮಾ, ನೀವಾದ್ರೂ ಕುಡೀತೀರಾ?"

ಇಪೋಲಿತಾ ಮುಂದೆ ಬಂದಳು. "ಕುಡೀತೀನಿ. ಆದ್ರೆ ಜಾಡಿ ನಂದು ಅಂತ ಅವಳು ಎಲ್ಲರ ಎದುರಿಗೆ ಹೇಳ್ಲಿ."

ಎಲ್ಲರೂ ನಸಾರಿಯಾಳನ್ನು ನೋಡಿದರು. ದಿಲ್ಸಿಯಾ ಅವಳ ಕಿವಿಯಲ್ಲಿ, "ಹೂಂ ಅನ್ನವ್ವಾ, ಆಮೇಲೆ ನೋಡ್ಕೊಳ್ಳೋಣ" ಎಂದಳು. ನಸಾರಿಯಾ ಸೀಸೆಗೆ ಬಿರಡೆ ಒತ್ತಿದಳು, ಅಂಗೈಯಿಂದ ಎರಡು ಸಲ ಗುದ್ದಿದಳು.

"ಎಫ್ರಾಯಿನ್, ಬಿಸಿಲೇರೋ ಮುಂಚೆ ಹೊರಡು. ವ್ಯಾನು ಕಾದು ಹೋಗುತ್ತೆ."

ಖಾಲಿ ವ್ಯಾನು ಧೂಳೆಬ್ಬಿಸಿಕೊಂಡು ಹೋಯಿತು. ದಿಲ್ಸಿಯಾ ಅತ್ತಳು. ಇಪೋಲಿತಾ ಕೆಮ್ಮಿದಳು, ಒಳಗೆ ಹೋದಳು. ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

ಹಬ್ಬದ ದಿನ ನಸಾರಿಯಾ ಮೇಜು ಹೊರಿಸಿಕೊಂಡು ಕಡಲ ದಂಡೆಗೆ ತಾನೇ ಹೋದಳು. ಡೋಲು ಬಡಿಯುತ್ತಿದ್ದವು, ಹೆಂಗಸರು ಹಳದಿ ಲಂಗ ಉಟ್ಟು ದೋಣಿ ಎದುರುಗೊಳ್ಳಲು ನೀರಿಗಿಳಿದಿದ್ದರು. ಅವಳು ಸೀಸೆ ಜೋಡಿಸಿ, ಎಲ್ಲದರ ಮುಂದೆ ಆ ಪುಟ್ಟ ಲೋಟವನ್ನು ಬೋರಲು ಹಾಕಿ ಕೂತಳು.

ಮೊದಲು ಬಂದವನು ಬಡಗಿ ಸಿರಿಯಾಕೋ. "ಒಂದು ಸೀಸೆ ಕೊಡವ್ವಾ. ಲೋಟ ಯಾಕೆ ಮಲಗಿದೆ?"

"ನನಗೆ ಆಗಲ್ಲ ಅಂತ. ನೀನು ಏನಾದ್ರೂ ಮಾತ್ರೆ ತಗೋತೀಯಾ?"

"ನಿಂಗ್ಯಾಕೆ?"

"ಕೇಳಿದ್ದಕ್ಕೆ ಹೇಳು."

"ಒಂದು ಬಿಳೀದು ತಗೋತೀನಿ. ಹೋದ ವರ್ಷ ಕೈ ಬಾಯಿ ಸೊಟ್ಟಗಾಗಿತ್ತಲ್ಲ, ಆವಾಗ್ನಿಂದ. ರಕ್ತ ಕಟ್ಬಾರ್ದು ಅಂತ."

"ಹಂಗಾದ್ರೆ ನಿಂಗೂ ಇಲ್ಲ."

"ಏನು ಇಲ್ಲ?"

"ಗಿಫಿತಿ ಇಲ್ಲ. ಹೋಗು, ಎಳನೀರು ಕುಡಿ."

ಸಿರಿಯಾಕೋ ಕಣ್ಣು ಕಣ್ಣು ಬಿಟ್ಟ. ಕಾಸು ಹಿಡಿದು ಬಂದವನನ್ನು ಗಿಫಿತಿಯವಳು ಹಿಂದಕ್ಕೆ ಕಳಿಸಿದ್ದನ್ನು ಆ ಊರು ಕಂಡಿರಲಿಲ್ಲ. ಅವನು ಬೈದ. ಅವಳೂ ಬೈದಳು. ಜನ ಸೇರಿದರು. ಬಂದ ಬಂದವರನ್ನೆಲ್ಲ ಅವಳು ಅದೇ ಕೇಳಿದಳು. ಇಲ್ಲ ಎಂದವರಿಗೆ ಕೊಟ್ಟಳು, ಇಷ್ಟು ಕೇಳಿ ಕೊಡುವವಳದು ಕೆಟ್ಟದ್ದಿರಲಾರದು ಎಂದು ಅವರೂ ಕೊಂಡರು; ಹೌದು ಎಂದವರನ್ನು ಓಡಿಸಿದಳು, ಗೊತ್ತಿಲ್ಲ ಎಂದವರಿಗೆ ಮನೆಗೆ ಹೋಗಿ ಮಾತ್ರೆ ತಂದು ತೋರಿಸು ಎಂದಳು.

"ಮಾರೋಕೆ ಕೂತಿದ್ದೀಯೋ ಓಡಿಸೋಕೆ ಕೂತಿದ್ದೀಯೋ?" ಎಂದ ತಿಯೋಫಿಲೋ.

"ನೀನು ಡೋಲು ಬಾರಿಸು ಹೋಗು."

ಒಬ್ಬ ಹೆಂಗಸು ತನ್ನ ಅವ್ವನ ಮಾತ್ರೆಯ ಚೀಟಿ ಹಿಡಿದು ನಿಜವಾಗಿಯೂ ವಾಪಸ್ಸು ಬಂದಳು. ನಸಾರಿಯಾಳಿಗೆ ಅದರ ಹೆಸರು ಓದಲು ಬರಲಿಲ್ಲ; ಆದರೆ ರವಿಕೆಯ ಪಿನ್ನು ಬಿಚ್ಚಿ ತನ್ನದನ್ನು ತೆಗೆದು ಪಕ್ಕದಲ್ಲಿಟ್ಟು ಅಕ್ಷರದ ಆಕಾರ ಹೋಲಿಸಿದಳು. ಒಂದೇ. "ಮುದುಕಿಗೆ ಕೊಡ್ಬೇಡ," ಎಂದಳು. "ಅತ್ರೂ ಕೊಡ್ಬೇಡ. ನಾನೂ ಅತ್ತಿದ್ದೀನಿ."

ಸಂಜೆಗೆ ಅರ್ಧದಷ್ಟು ಸೀಸೆ ಹಾಗೇ ಉಳಿದವು. ಅವನ್ನು ಹೊತ್ತು ಬರುವಾಗ ತೆಂಗಿನ ಮರದ ಬುಡದಲ್ಲಿ ಇಪೋಲಿತಾ ಕೂತಿದ್ದಳು. ಹಗಲೆಲ್ಲ ಅಲ್ಲೇ ಕೂತಿದ್ದಳೆಂದು ಆಮೇಲೆ ತಿಯೋಫಿಲೋ ಹೇಳಿದ.

ಹಬ್ಬ ಮುಗಿದ ಮೇಲೆ ಇಪೋಲಿತಾ, ಲಾ ಸೆಯಿಬಾದಲ್ಲಿರುವ ಮಗನ ಮನೆಗೆ ಹೋಗುತ್ತೇನೆ ಎಂದಳು. ಬೇಡ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಹೋಗುವುದು ಇನ್ನೂ ಬೇಗ ಆಗುತ್ತಿತ್ತು.

ಹೊರಡುವ ಹಿಂದಿನ ಸಂಜೆ ನಸಾರಿಯಾ ಅವ್ವನ ಜಾಡಿ ಇಳಿಸಿದಳು. ಇನ್ನೊಂದು ಜಾಡಿ ತೊಳೆದು ಬಿಸಿಲಿಗಿಟ್ಟಿದ್ದಳು. ಉದ್ದನೆಯ ಮರದ ಚಮಚ ಇಳಿಬಿಟ್ಟು, ತಳದಲ್ಲಿದ್ದ ಕಪ್ಪನೆ ಹಳೆ ಬೇರನ್ನು ಎತ್ತಿ ಎತ್ತಿ, ಅದಕ್ಕೊಂದು ಇದಕ್ಕೊಂದು ಹಾಕಿದಳು. ಇಪೋಲಿತಾ ಮಂಚದ ಮೇಲೆ ಬಟ್ಟೆ ಮಡಿಸುತ್ತಾ ನೋಡುತ್ತಿದ್ದಳು.

"ಅವತ್ತು ಕೇಳಿದಾಗ ಕೊಡಲಿಲ್ಲ."

"ಅವತ್ತು ಕೊಟ್ಟಿದ್ರೆ ನೀನು ಕಿತ್ಕೊಂಡಂಗಿರ್ತಿತ್ತು. ಇವತ್ತು ನಾನು ಕೊಡ್ತಿದ್ದೀನಿ."

"ನನ್ನ ಗಿಫಿತಿ ನಿಂದಕ್ಕಿಂತ ಚೆನ್ನಾಗಿರುತ್ತೆ."

"ಇರ್ಲಿ. ಕೊಡೋ ಮುಂಚೆ ಎಲ್ಲರನ್ನೂ ಕೇಳು. ಏನು ಕೇಳ್ಬೇಕು ಗೊತ್ತಲ್ಲ?"

"ನಂಗೆ ಕಲಿಸೋಕೆ ಬರ್ಬೇಡ."

ಬೆಳಿಗ್ಗೆ ಹಳದಿ ಬಸ್ಸಿನ ತನಕ ನಸಾರಿಯಾ ಜಾಡಿಯನ್ನು ತಾನೇ ತಲೆಯ ಮೇಲೆ ಹೊತ್ತಳು. ದಿಲ್ಸಿಯಾ ಬೇಡ ಬೇಡ ಎಂದು ಹಿಂದೆಯೇ ಬಂದಳು, ಕಂಕುಳಲ್ಲಿ ಎರಡು ಕೋಳಿ. ಇಪೋಲಿತಾ ಕಿಟಕಿ ಪಕ್ಕದ ಸೀಟು ಹಿಡಿದು, ಜಾಡಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎರಡೂ ತೋಳಿನಿಂದ ತಬ್ಬಿದಳು. ತಂಗಿಯ ಕಡೆ ನೋಡಲಿಲ್ಲ. ಡ್ರೈವರು ಹಾರ್ನ್ ಒತ್ತಿದ.

"ಇವತ್ತಿನದು ನುಂಗಿದ್ಯಾ?" ಎಂದಳು, ಮುಂದಿನ ಸೀಟಿನ ಬೆನ್ನು ನೋಡುತ್ತಾ.

"ನುಂಗ್ದೆ."

"ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು ನುಂಗ್ದ್ಯಾ, ಬರೀ ಕಾಪೀಲಾ?"

"ರೊಟ್ಟಿ ತಿಂದೆ."

"ಸರಿ ಅಂತ ನಾನೇನೂ ಹೇಳ್ತಿಲ್ಲ," ಎಂದಳು ಇಪೋಲಿತಾ. "ಸುಮ್ನೆ ಕೇಳ್ದೆ."

ಬಸ್ಸು ಹೊರಟಿತು. ಇಪೋಲಿತಾ ಆ ಊರು ಬಿಟ್ಟದ್ದು ಹಬ್ಬ ಕಳೆದ ಮೇಲಿನ ಬುಧವಾರ.